ಅಡುಗೆಮನೆಯ ಕೀಲಿಕೈ ಕೇಳಿದವರಿಗೆ: ಮುಂಬಯಿಯ ನಮ್ಮ ಕನ್ನಡ ಕ್ರೈಸ್ತ ಸಭೆಗೆ ಒಂದು ಬಹಿರಂಗ ಪತ್ರ

ನಮ್ಮ ಪಾದ್ರಿಗಳಾದ ಪೂಜ್ಯ ಅಯ್ಯನವರಿಗೆ, ಸಭಾಸಮಿತಿಯ ಹಿರಿಯರಿಗೆ, ಮತ್ತು ಪ್ರತಿ ಭಾನುವಾರ ನನ್ನ ಕೈಯ ಚಹಾ ಕುಡಿದು ‘ಇವತ್ತು ಸಕ್ಕರೆ ಜಾಸ್ತಿಯಾಯಿತು ಟೀಚರ್’ ಎನ್ನುವ ಸಭೆಯ ಎಲ್ಲರಿಗೂ ವಂದನೆಗಳು.

ಕಳೆದ ಭಾನುವಾರ ಆರಾಧನೆಯ ಕೊನೆಗೆ, ಪ್ರಕಟಣೆಗಳ ಹೊತ್ತಿನಲ್ಲಿ, ಕಾರ್ಯದರ್ಶಿಗಳು ಒಂದು ಕಾಗದ ಓದಿದರು. ಮೊದಲು ಹಿಂದಿನ ವಾರದ ಕಾಣಿಕೆಯ ಲೆಕ್ಕ, ಆಮೇಲೆ ಹುಟ್ಟುಹಬ್ಬಗಳು, ಆಮೇಲೆ ಒಂದು ಮದುವೆಯ ಮೊದಲ ಪ್ರಕಟಣೆ. ಇವುಗಳ ಸಂದಿಯಲ್ಲಿ ತೂರಿಸಿದಂತೆ ಇದು: ಬರುವ ತಿಂಗಳಿನಿಂದ ದೇವಾಲಯದ ಹಿಂಬದಿಯ ಸಭಾಂಗಣವನ್ನು ಭಾನುವಾರ ಬೆಳಿಗ್ಗೆ ಹತ್ತೂವರೆಯಿಂದ ಸಂಜೆಯವರೆಗೆ ಒಂದು ಕೋಚಿಂಗ್ ಕ್ಲಾಸಿಗೆ ಬಾಡಿಗೆಗೆ ಕೊಡಲಾಗುವುದು, ಆದ ಕಾರಣ ಆರಾಧನೆಯ ನಂತರದ ಚಹಾ, ಮೂರನೆಯ ಭಾನುವಾರದ ಊಟ, ಮಕ್ಕಳ ಕನ್ನಡ ತರಗತಿ ‘ತಾತ್ಕಾಲಿಕವಾಗಿ’ ಇರುವುದಿಲ್ಲ, ಆಯಾ ಭಾಗದವರು ಸೇರಿ ಮಾಡುವ ವಲಯ ಪ್ರಾರ್ಥನೆಗಳು ಈಗಿನಂತೆ ಮೊಬೈಲಿನಲ್ಲಿಯೇ ಮುಂದುವರಿಯುತ್ತವೆ, ಅಡುಗೆಮನೆಯ ಕೀಲಿಕೈ ಇರುವವರು ತಿಂಗಳ ಕೊನೆಯೊಳಗೆ ಅದನ್ನು ಕಚೇರಿಗೆ ಒಪ್ಪಿಸಬೇಕು. ಅಭಿಪ್ರಾಯ ಇದ್ದವರು ವಾಟ್ಸಾಪ್ ಗುಂಪಿಗೆ ಬಂದಿರುವ ಫಾರ್ಮ್ ತುಂಬಬಹುದು.

ಕೀಲಿಕೈ ಇರುವವರು ಎಂದರೆ ನಾನೊಬ್ಬಳೇ. ಬಹುವಚನ ಗೌರವಕ್ಕೆ ಎಂದುಕೊಂಡಿದ್ದೇನೆ.

ಫಾರ್ಮ್ ತುಂಬಲು ಕುಳಿತೆ. ಒಪ್ಪಿಗೆಯಿದೆ, ಒಪ್ಪಿಗೆಯಿಲ್ಲ, ಹೇಳಲಾರೆ ಎಂದು ಮೂರು ಸೊನ್ನೆಗಳಿದ್ದವು. ಒಂದನ್ನು ಒತ್ತಬೇಕು, ಅಷ್ಟೇ. ಮೂವತ್ತೊಂದು ವರ್ಷ ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಮಕ್ಕಳಿಂದ ‘ಪೂರ್ಣ ವಾಕ್ಯದಲ್ಲಿ ಉತ್ತರಿಸಿರಿ’ ಎಂದು ಬರೆಸಿಕೊಂಡವಳಿಗೆ ಇದು ಒಗ್ಗಲಿಲ್ಲ. ಅದಕ್ಕೇ ಈ ಪತ್ರ. ನಿರ್ಧಾರವನ್ನು ಎಲ್ಲರ ಎದುರು ಓದಿದಿರಿ. ಉತ್ತರವೂ ಎಲ್ಲರ ಎದುರಿಗೇ ಇರಲಿ.

ನಿಮ್ಮ ಕಷ್ಟ ನನಗೆ ತಿಳಿಯದ್ದಲ್ಲ. ದೇವಾಲಯದ ಮಾಡು ಎರಡು ಮಳೆಗಾಲದಿಂದ ಸೋರುತ್ತಿದೆ. ಜುಲೈ ತಿಂಗಳ ಆರಾಧನೆಗಳೆಲ್ಲ ಗಾಯನ ಮಂಡಳಿಯ ಎಡಬದಿಗೆ ಬಾಲ್ದಿ ಇಟ್ಟುಕೊಂಡೇ ನಡೆದವು. ವಿದ್ಯುತ್ ಬಿಲ್ಲು, ಕಾವಲುಗಾರನ ಸಂಬಳ ಏರಿವೆ, ಕಾಣಿಕೆ ಏರಿಲ್ಲ. ಸಭಾಂಗಣವನ್ನು ಬಾಡಿಗೆಗೆ ಕೊಡಲೇಬೇಡಿ ಎಂದು ನಾನು ಹೇಳುತ್ತಿಲ್ಲ. ವಾರಕ್ಕೆ ಏಳು ದಿನಗಳಿವೆ. ಆ ಏಳರಲ್ಲಿ ನಮಗೆ ಬೇಕಾದ ಎರಡೂವರೆ ಗಂಟೆಯೇ ಏಕೆ ಮಾರಾಟಕ್ಕೆ ಬಂತು ಎಂದು ಕೇಳುತ್ತಿದ್ದೇನೆ.

ಊರಿನಲ್ಲಿ ಸಭೆ ಎಂದರೆ ದೇವಾಲಯದ ಸುತ್ತಲಿನ ಮನೆಗಳು. ಬೆಟಗೇರಿಯಲ್ಲಿ ನನ್ನ ಅಜ್ಜನ ಮನೆಯ ಕಟ್ಟೆಯ ಮೇಲೆ ಕುಳಿತರೆ ದೇವಾಲಯದ ಗಂಟೆಯಷ್ಟೇ ಅಲ್ಲ, ಅಯ್ಯನವರ ಮನೆಯ ಒಗ್ಗರಣೆಯ ಸದ್ದೂ ಕೇಳುತ್ತಿತ್ತು. ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಜಗಳ ಎಂದು ತಿಳಿಯಲು ಯಾವ ಕೂಟವೂ ಬೇಕಿರಲಿಲ್ಲ. ಮುಂಬಯಿಯಲ್ಲಿಯೂ ಒಂದು ಕಾಲಕ್ಕೆ ಹಾಗೆಯೇ ಇತ್ತು. ನಮ್ಮ ತಂದೆ ಬಟ್ಟೆ ಗಿರಣಿಗೆ ಸೇರಿದಾಗ ಸಭೆಯ ಅರ್ಧ ಮಂದಿ ಪರೇಲ್, ಲಾಲ್‌ಬಾಗ್, ಭಾಯಖಳದ ಚಾಳುಗಳಲ್ಲಿ ನಡೆದು ಬರುವಷ್ಟು ಹತ್ತಿರದಲ್ಲಿದ್ದರು. 1982ರ ಜನವರಿ 18ರಂದು ಗಿರಣಿ ಮುಷ್ಕರ ಆರಂಭವಾಯಿತು. ಅದು ಮುಗಿಯಿತು ಎಂದು ಯಾರೂ ಘೋಷಿಸಲಿಲ್ಲ, ಗಿರಣಿಗಳೇ ಮುಗಿದುಹೋದವು. ಕೆಲವರು ಊರಿಗೆ ಮರಳಿದರು. ಉಳಿದವರು ರೈಲು ಹಳಿಯ ಗುಂಟ ಹೊರಗೆ ಹೊರಗೆ ಸರಿಯುತ್ತ ಹೋದರು. ಇವತ್ತು ನಾನು ಡೊಂಬಿವಲಿಯಿಂದ ಬರುತ್ತೇನೆ. ಇನ್ನೊಬ್ಬರು ನಾಲಾಸೋಪಾರದಿಂದ, ಮತ್ತೊಬ್ಬರು ಪನ್ವೇಲಿನಿಂದ. ದೇವಾಲಯ ಮಾತ್ರ ಇದ್ದಲ್ಲೇ ಇದೆ, ಮನೆಯವರೆಲ್ಲ ಹೊರಟುಹೋದ ಮೇಲೆ ಉಳಿದ ಅಜ್ಜಿಯ ಹಾಗೆ.

ನಾವು ಸುಲಭವಾಗಿ ‘ಪ್ಯಾರಿಷ್’ ಎನ್ನುತ್ತೇವಲ್ಲ, ಆ ಪದದ ಬೇರು ಗ್ರೀಕ್ ಭಾಷೆಯ ‘ಪರೊಯ್ಕಿಯಾ’. ತನ್ನದಲ್ಲದ ಊರಿನಲ್ಲಿ ಇತರರ ಪಕ್ಕ ಮನೆ ಮಾಡಿಕೊಂಡಿರುವವನ ವಾಸ ಎಂದು ಅದರ ಅರ್ಥ. ಯೇಸುವಿನ ಶಿಷ್ಯ ಪೇತ್ರನು ಬೈಬಲಿನಲ್ಲಿರುವ ತನ್ನ ಪತ್ರದಲ್ಲಿ ವಿಶ್ವಾಸಿಗಳನ್ನು ಪ್ರವಾಸಿಗಳು, ಪರದೇಶಸ್ಥರು ಎಂದು ಕರೆಯುವಾಗ ಬಳಸುವುದೂ ಇದೇ ಬೇರಿನ ಪದವನ್ನು. ಅಯ್ಯನವರು ಇದನ್ನು ಎಂದೋ ಪ್ರಸಂಗದಲ್ಲಿ ಹೇಳಿದ್ದರು, ನಾನು ಡೈರಿಯಲ್ಲಿ ಬರೆದುಕೊಂಡಿದ್ದೆ. ಹಾಗಾದರೆ ಸಾಲುಮನೆಗಳಿಂದ ಸುತ್ತುವರಿದ ಬೆಟಗೇರಿಗಿಂತ, ಮೂರು ರೈಲು ಮಾರ್ಗಗಳಲ್ಲಿ ಚೆದುರಿಹೋದ ನಾವೇ ಆ ಪದಕ್ಕೆ ಹೆಚ್ಚು ಹತ್ತಿರ. ಚೆದುರಿದವರು ಕೂಡುವುದು ಎಲ್ಲಿ ಎಂಬುದೇ ಪ್ರಶ್ನೆ.

ಆರಾಧನೆಯಲ್ಲಿ ಕೂಡುತ್ತೇವಲ್ಲ ಎನ್ನುತ್ತೀರಿ. ಹೌದು, ಎಲ್ಲರೂ ಮುಂದಕ್ಕೆ ಮುಖ ಮಾಡಿ ಕುಳಿತಿರುತ್ತೇವೆ. ಒಂದೂವರೆ ಗಂಟೆ ನಾನು ನೋಡುವುದು ಮುಂದಿನ ಸಾಲಿನವರ ಜಡೆಯನ್ನು, ಕಾಲರನ್ನು. ದೇವರ ಕಡೆಗೆ ಮುಖ ಮಾಡುವುದು ಅಲ್ಲಿ. ಒಬ್ಬರಿಗೊಬ್ಬರು ಮುಖ ಮಾಡುವುದು ಹಿಂದಿನ ಸಭಾಂಗಣದಲ್ಲಿ, ಕೈಯಲ್ಲಿ ಲೋಟ ಹಿಡಿದು.

ಅಲ್ಲಿ ಏನು ನಡೆಯುತ್ತದೆ ಎಂಬುದು ಸಮಿತಿಯ ನಡಾವಳಿ ಪುಸ್ತಕದಲ್ಲಿ ಇಲ್ಲ. ಬರೆಯುವಂಥದ್ದೇನೂ ನಡೆಯುವುದಿಲ್ಲ ಎನ್ನಿ. ನಾಲಾಸೋಪಾರದ ಹಿರಿಯರೊಬ್ಬರು ಇದ್ದಾರೆ. ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಅವರ ಕನ್ನಡ ಕೇಳುವವರಿಲ್ಲ. ಸೊಸೆ ಒಳ್ಳೆಯವಳು, ಗುಜರಾತಿ. ಮೊಮ್ಮಕ್ಕಳು ಹಿಂದಿಯಲ್ಲಿ ಉತ್ತರಿಸುತ್ತಾರೆ. ಅವರು ವಾರದ ಮಾತನ್ನೆಲ್ಲ ಗಂಟು ಕಟ್ಟಿ ತಂದು ಭಾನುವಾರ ಇಲ್ಲಿ ಬಿಚ್ಚುತ್ತಾರೆ. ಮೊದಲ ಲೋಟಕ್ಕೆ ಧಾರವಾಡದ ಮಳೆ, ಎರಡನೆಯದಕ್ಕೆ ರಾಜಕೀಯ. ಮೂರನೆಯ ಲೋಟ ನಾನು ಕೊಡುವುದಿಲ್ಲ, ಸಕ್ಕರೆ ಕಾಯಿಲೆ ಇದೆ. ಬ್ಯಾಡಗಿಯ ಕಡೆಯ ಹುಡುಗನೊಬ್ಬ ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೆ ಬಂದವನು ಒಂದು ದಿನ ಬಾಗಿಲಲ್ಲಿ ನಿಂತಿದ್ದ, ಒಳಗೆ ಬರಲೋ ಬೇಡವೋ ಎಂದು. ಅರ್ಧ ಗಂಟೆಯಲ್ಲಿ ಅವನಿಗೆ ಠಾಣೆ ಬಳಿಯ ಕಳವಾ ಎಂಬಲ್ಲಿ ಇಬ್ಬರ ಜೊತೆ ಕೋಣೆ ಸಿಕ್ಕಿತು. ಆ ಕೋಣೆ ಕೊಡಿಸಿದ್ದು ಪ್ರಾರ್ಥನೆಯೋ ಬಿಸ್ಕೆಟ್ಟೋ ಎಂದು ವಿಂಗಡಿಸುವ ಶಕ್ತಿ ನನಗಿಲ್ಲ.

ಇವೆಲ್ಲಕ್ಕಿಂತ ದೊಡ್ಡದೊಂದನ್ನು ಹೇಳಬೇಕು. ಇದನ್ನು ಹೊಸ ಸಮಿತಿಯವರಲ್ಲಿ ಕೆಲವರು ಕೇಳಿರಲಾರರು.

ಪರೇಲಿನಲ್ಲಿ ಟಾಟಾ ಆಸ್ಪತ್ರೆ 1941ರಿಂದ ಇದೆ. ಕ್ಯಾನ್ಸರ್ ಎಂದೊಡನೆ ಕರ್ನಾಟಕದ ಹಳ್ಳಿಗಳಿಂದಲೂ ಜನ ರೈಲು ಹತ್ತಿ ಇಲ್ಲಿಗೆ ಬರುತ್ತಾರೆ. ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಂಥ ಕಡೆ ಜಾಗ ಸಿಕ್ಕರೆ ಪುಣ್ಯ. ಇಲ್ಲವಾದರೆ ರಸ್ತೆಬದಿಯಲ್ಲಿ ಪ್ಲಾಸ್ಟಿಕ್ ಹಾಸಿಕೊಂಡು, ಎಕ್ಸ್‌ರೇ ಲಕೋಟೆಯನ್ನು ತಲೆಯಡಿ ಇಟ್ಟುಕೊಂಡು ಮಲಗುತ್ತಾರೆ. ಹಲವು ವರ್ಷಗಳ ಹಿಂದಿನ ಒಂದು ಭಾನುವಾರ ಗದಗದ ಕಡೆಯ ಗಂಡ ಹೆಂಡತಿ ನಮ್ಮ ಸಭಾಂಗಣಕ್ಕೆ ಬಂದರು. ಕ್ರೈಸ್ತರಲ್ಲ, ಹಣೆಯಲ್ಲಿ ವಿಭೂತಿ ಇತ್ತು. ‘ಅಲ್ಲಿ ಕನ್ನಡದವರು ಕೂಡುತ್ತಾರೆ’ ಎಂದು ಟ್ಯಾಕ್ಸಿಯವನು ಹೇಳಿದ್ದನಂತೆ. ಹೆಂಗಸು ಒಂದು ಕಡತವನ್ನು ಎದೆಗೆ ಅವಚಿಕೊಂಡಿದ್ದಳು. ಒಂದು ಆಸ್ಪತ್ರೆಯಲ್ಲಿ (ಯಾವುದೆಂಬುದು ಬೇಡ, ಅವರ ತಪ್ಪೂ ಇಲ್ಲ) ಗಂಡನನ್ನು ನೋಡಿದ ಮೇಲೆ ಕಿಟಕಿಯವನು ಹಿಂದಿಯಲ್ಲಿ ‘ಭರ್ತಿ’ ಎಂದು ಹೇಳಿದ್ದ. ಹಿಂದಿಯಲ್ಲಿ ಹಾಗೆಂದರೆ ಒಳರೋಗಿಯಾಗಿ ಸೇರಿಸಿ ಎಂದು. ಗದಗಿನವರಿಗೆ ಭರ್ತಿ ಎಂದರೆ ತುಂಬಿದೆ ಎಂದೇ. ಹಾಸಿಗೆಗಳೆಲ್ಲ ಭರ್ತಿಯಾಗಿವೆ, ಜಾಗವಿಲ್ಲ ಎಂದುಕೊಂಡು ಇಬ್ಬರೂ ಎರಡು ರಾತ್ರಿ ರಸ್ತೆಬದಿಯಲ್ಲಿ ಕಳೆದಿದ್ದರು.

ಕಡತವನ್ನು ಓದಿದ ನಮ್ಮ ಸಭೆಯ ನರ್ಸ್ ಒಬ್ಬಳು ಚಹಾದ ಲೋಟವನ್ನು ಅಲ್ಲಿಯೇ ಇಟ್ಟು ಅವರನ್ನು ಕರೆದುಕೊಂಡು ಹೊರಟಳು. ಆ ಲೋಟದಲ್ಲಿ ಕೆನೆ ಕಟ್ಟಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮುಂದಿನ ಭಾನುವಾರ ಸ್ತ್ರೀಯರ ಅನ್ಯೋನ್ಯ ಕೂಟದ ಆರು ಮಂದಿ ಸರದಿ ಹಾಕಿಕೊಂಡರು: ವಾರಕ್ಕೆ ಎರಡು ದಿನ ಒಬ್ಬೊಬ್ಬರು ಆಸ್ಪತ್ರೆಗಳ ಹೊರರೋಗಿ ವಿಭಾಗದ ಬಳಿ ಹೋಗುವುದು, ಕನ್ನಡ ಕಿವಿಗೆ ಬಿದ್ದರೆ ಮಾತನಾಡಿಸುವುದು, ಚೀಟಿ ಓದಿ ಹೇಳುವುದು, ಸಾಲಿನಲ್ಲಿ ಜೊತೆಗೆ ನಿಲ್ಲುವುದು. ಮತಾಂತರದ ಮಾತಿಲ್ಲ, ಕರಪತ್ರವಿಲ್ಲ. ನಾವಾಗಿ ಪ್ರಾರ್ಥನೆಯನ್ನೂ ಮಾಡುವುದಿಲ್ಲ, ಅವರು ಕೇಳಿದರೆ ಮಾತ್ರ. ಈ ಕೆಲಸಕ್ಕೆ ಯಾವ ಠರಾವೂ ಇಲ್ಲ, ಹೆಸರೂ ಇಲ್ಲ, ಬ್ಯಾನರೂ ಇಲ್ಲ. ಯಾರ ಸರದಿ, ಯಾರಿಗೆ ರಕ್ತ ಬೇಕು, ಯಾರ ಊರಿಗೆ ಟಿಕೆಟ್ ತೆಗೆಯಬೇಕು ಎಂಬುದೆಲ್ಲ ಭಾನುವಾರದ ಆ ಹೊತ್ತಿನಲ್ಲೇ ತೀರ್ಮಾನವಾಗುತ್ತದೆ. ಗುಂಪಿನಲ್ಲಿ ಸಂದೇಶ ಹಾಕಬಹುದಲ್ಲ ಎಂದು ಖಜಾಂಚಿಗಳು ಕೇಳಿದರು. ಹಾಕಿ ನೋಡಿದ್ದೇವೆ. ನಲವತ್ತು ಮಂದಿ ಕೈಮುಗಿಯುವ ಚಿತ್ರ ಕಳುಹಿಸುತ್ತಾರೆ, ಒಬ್ಬರೂ ಬರುವುದಿಲ್ಲ. ಎದುರಿಗೆ ನಿಂತು ‘ಗುರುವಾರ ನೀನು ಹೋಗುತ್ತೀಯಾ?’ ಎಂದು ಕೇಳಿದರೆ ಇಲ್ಲ ಎನ್ನಲು ಮುಖ ಬರುವುದಿಲ್ಲ. ಇಡೀ ವ್ಯವಸ್ಥೆ ನಿಂತಿರುವುದೇ ಆ ಮುಖದಾಕ್ಷಿಣ್ಯದ ಮೇಲೆ.

2005ರ ಜುಲೈ 26 ನಿಮಗೆ ನೆನಪಿರಬೇಕು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ಆ ಮಂಗಳವಾರ ರಾತ್ರಿ ಈ ಸಭಾಂಗಣದಲ್ಲಿ ಮಲಗಿದವರ ಜಾತಿ, ಮತ, ಭಾಷೆಯನ್ನು ಯಾರೂ ಬರೆದುಕೊಳ್ಳಲಿಲ್ಲ. ಅಡುಗೆಮನೆಯ ಕೀಲಿ ಕೈಯಲ್ಲಿದ್ದುದರಿಂದ ಅವಲಕ್ಕಿ, ಚಹಾ ಆಯಿತು. ಕೀಲಿ ಕಚೇರಿಯ ಕಪಾಟಿನಲ್ಲಿದ್ದು, ಕಚೇರಿಯ ಕೀಲಿ ವಸಈಯಲ್ಲಿದ್ದಿದ್ದರೆ? ಸುಮ್ಮನೆ ಕೇಳಿದೆ.

ಈಗ ಅಯ್ಯನವರ ಒಂದು ಮಾತಿಗೆ ಬರುತ್ತೇನೆ. ಕಳೆದ ವಾರ ಮೆಟ್ಟಿಲ ಬಳಿ ತಾವು ನಗುತ್ತಲೇ ಹೇಳಿದಿರಿ: ‘ಟೀಚರ್, ದೇವರ ವಾಕ್ಯವನ್ನು ಬಿಟ್ಟು ಊಟ ಉಪಚಾರದಲ್ಲಿ ತೊಡಗುವುದು ಸರಿಯಲ್ಲವೆಂದು ಅಪೊಸ್ತಲರೇ ಹೇಳಿದ್ದಾರಲ್ಲ.’ ಹೇಳಿದ್ದಾರೆ, ಯೇಸುವಿನ ಆ ಹನ್ನೆರಡು ಶಿಷ್ಯರು, ಬೈಬಲಿನ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ. ಮನೆಗೆ ಹೋಗಿ ಅಧ್ಯಾಯವನ್ನು ಪೂರ್ತಿ ಓದಿದೆ. ಮಕ್ಕಳಿಗೂ ನಾನು ಇದನ್ನೇ ಹೇಳುತ್ತಿದ್ದೆ, ಒಂದು ವಾಕ್ಯ ಓದಿ ಪುಸ್ತಕ ಮುಚ್ಚಬಾರದು ಎಂದು.

ಯೆರೂಸಲೇಮಿನ ಆ ಮೊದಲ ಸಭೆಯಲ್ಲಿ ಎದ್ದ ಗುಣುಗುಟ್ಟುವಿಕೆ ದೇವತಾಶಾಸ್ತ್ರದ ಕುರಿತಾಗಿ ಅಲ್ಲ. ಊಟ ಮತ್ತು ಭಾಷೆಯ ಕುರಿತಾಗಿ. ದಿನದಿನದ ಉಪಚಾರದಲ್ಲಿ ಗ್ರೀಕ್ ಮಾತನಾಡುವವರ ವಿಧವೆಯರನ್ನು ಯಾರೂ ಲಕ್ಷಿಸುತ್ತಿಲ್ಲ ಎಂಬುದು ದೂರು. ಪರಭಾಷೆಯ, ಪರಊರಿನ, ಗಂಡನಿಲ್ಲದ ಹೆಂಗಸರು. ಆಗ ಹನ್ನೆರಡು ಮಂದಿ ಏನು ಮಾಡಿದರು? ಊಟದ ಮನೆಯನ್ನು ಮುಚ್ಚಿ ಬಾಡಿಗೆಗೆ ಕೊಡಲಿಲ್ಲ. ಆ ಕೆಲಸಕ್ಕೆಂದೇ ಏಳು ಮಂದಿಯನ್ನು ಆರಿಸಿಕೊಳ್ಳಿ ಎಂದು ಸಭೆಗೇ ಹೇಳಿದರು. ಬಡಿಸುವವರಿಗೆ ಇರಬೇಕಾದ ಅರ್ಹತೆ ಎಂದರೆ ಒಳ್ಳೆಯ ಹೆಸರು, ಪವಿತ್ರಾತ್ಮ, ಜ್ಞಾನ. ಸೌಟು ಹಿಡಿಯಲು ಇಷ್ಟೆಲ್ಲ ಬೇಕು ಎಂದರು! ಆ ಏಳೂ ಹೆಸರುಗಳನ್ನು ಓದಿ ನೋಡಿ, ಸ್ತೆಫನನಿಂದ ನಿಕೊಲಾಯನವರೆಗೆ. ಏಳೂ ಗ್ರೀಕ್ ಹೆಸರುಗಳು. ಎಂದರೆ ದೂರು ಕೊಟ್ಟ ಕಡೆಯವರ ಕೈಗೇ ಉಗ್ರಾಣ ಒಪ್ಪಿಸಿದಂತೆ. ನಮ್ಮಲ್ಲಾದರೆ ದೂರು ಕೊಟ್ಟವರಿಗೆ ಫಾರ್ಮ್ ಕೊಡುತ್ತೇವೆ. ಅಂದಹಾಗೆ ಆ ಪಟ್ಟಿಯ ಮೊದಲ ಹೆಸರಾದ ಸ್ತೆಫನನೇ ಮುಂದೆ ಸಭೆಯ ಮೊದಲ ರಕ್ತಸಾಕ್ಷಿಯಾದದ್ದು. ಬಡಿಸುವವರು ವಾಕ್ಯಕ್ಕೆ ದೂರ ಎಂದು ಅಧ್ಯಾಯ ಎಲ್ಲಿಯೂ ಹೇಳುವುದಿಲ್ಲ ಅಯ್ಯನವರೇ.

‘ಅನ್ಯೋನ್ಯತೆ’ ಎಂದು ನಾವು ಅನುವಾದಿಸಿಕೊಂಡಿರುವ ‘ಕೊಯಿನೊನಿಯಾ’ ಎಂಬ ಪದವೂ ಬರೀ ಕೈಕುಲುಕುವುದಲ್ಲ. ಪೌಲನು ರೋಮಾಪುರದವರಿಗೆ ಬರೆಯುವಾಗ ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣಕ್ಕೆ ಇದೇ ಪದವನ್ನು ಬಳಸುತ್ತಾನೆ. ಪಾಲು ಹಂಚಿಕೊಳ್ಳುವುದು ಎಂದು ಕನ್ನಡದಲ್ಲಿ ಸರಳವಾಗಿ ಹೇಳಬಹುದು.

ಅಷ್ಟು ದೂರ ಹೋಗುವುದೂ ಬೇಡ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ. ಕ್ರಿಸ್ತನನ್ನು ನಂಬಿದವರನ್ನು ಮನೆ, ಕಸುಬು, ಬಾವಿ ಎಲ್ಲದರಿಂದ ಹೊರಹಾಕಿದಾಗ ಬರೀ ದೀಕ್ಷಾಸ್ನಾನ ಕೊಟ್ಟು ಸುಮ್ಮನಿದ್ದರೆ ಸಭೆ ಉಳಿಯುತ್ತಿರಲಿಲ್ಲ. ಮಗ್ಗ ಹಾಕಿದರು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದರಲ್ಲಿ ಅವರ ಹಿತಾಸಕ್ತಿ, ಅಧಿಕಾರ, ಶಿಸ್ತಿನ ಕಾಟ ಎಲ್ಲವೂ ಇತ್ತು, ನಾನು ಅವರ ಭಟ್ಟಂಗಿಯಲ್ಲ. ಆದರೆ ಪ್ರಾರ್ಥನೆಯ ಮನೆಯ ಪಕ್ಕದಲ್ಲಿ ಅನ್ನದ ದಾರಿಯೊಂದು ಇರಬೇಕು ಎಂಬುದು ಅವರಿಗೆ ಗೊತ್ತಿತ್ತು. ನಮ್ಮ ಅಜ್ಜ ಕೂಡ ಮಗ್ಗದ ಮೇಲೆ ಕುಳಿತೇ ಕೀರ್ತನೆ ಕಲಿತವರು. ಲಾಳಿಯ ತಾಳಕ್ಕೆ ಅವರ ಹಾಡು ಯಾವಾಗಲೂ ಸ್ವಲ್ಪ ವೇಗ.

ಮಕ್ಕಳ ಕನ್ನಡ ತರಗತಿಯ ವಿಷಯಕ್ಕೆ ಬಂದರೆ, ನಾನೇ ಕಲಿಸುವುದರಿಂದ ಹೆಚ್ಚು ಹೇಳಿದರೆ ಸ್ವಾರ್ಥವಾದೀತು. ಒಂದು ಮಾತು ಮಾತ್ರ. ನಮ್ಮ ಯುವಕ ಯುವತಿಯರ ಗಾಯನ ಮಂಡಳಿ ಕನ್ನಡ ಗೀತೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡು ಹಾಡುತ್ತದೆ. ಆ ಅಕ್ಷರಗಳಿಗೆ ಲಕಾರ ಳಕಾರದ ಭೇದವಿಲ್ಲ. ಹೋದ ಈಸ್ಟರ್‌ನಲ್ಲಿ ಸಮಾಧಿಯ ಬಾಗಿಲಿನಿಂದ ಉರುಳಬೇಕಾದ ಕಲ್ಲಿನ ಬದಲು ಕಳ್ಳು ಉರುಳಿತು. ಹಿಂದಿನ ಸಾಲಿನ ಹಿರಿಯರು ಕೆಮ್ಮಿದರು, ಅಯ್ಯನವರು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಆ ಮಕ್ಕಳನ್ನು ನೋಡಿ ನಗಬೇಡಿ; ಶಾಲೆಯಲ್ಲಿ ಇಂಗ್ಲಿಷ್, ಮರಾಠಿ, ಹಿಂದಿ ಮೂರನ್ನೂ ಹೊತ್ತುಕೊಂಡು ಬಂದು ಭಾನುವಾರ ನಾಲ್ಕನೆಯ ಭಾಷೆಗೆ ಕೂರುತ್ತಿದ್ದಾರೆ. ಈಗ ಹನ್ನೊಂದು ಮಕ್ಕಳಿದ್ದಾರೆ. ಒತ್ತಕ್ಷರಕ್ಕೆ ಬಂದಿದ್ದೇವೆ.

ಕನ್ನಡ ಬೇಕಾದವರಿಗೆ ಮುಂಬಯಿಯಲ್ಲಿ ಸಂಘಗಳಿಲ್ಲವೇ ಎಂದು ಸಮಿತಿಯ ಒಬ್ಬರು ಕೇಳಿದರಂತೆ. ಇವೆ; ಮೈಸೂರು ಅಸೋಸಿಯೇಶನ್ 1926ರಿಂದ, ಕರ್ನಾಟಕ ಸಂಘ 1933ರಿಂದ ಇದೆ. ನಾಟಕ, ಯಕ್ಷಗಾನ, ಉಪನ್ಯಾಸಗಳಿಗೆ ನಾನೂ ಹೋಗುತ್ತೇನೆ. ಎರಡು ಉಪನ್ಯಾಸ ತಪ್ಪಿಸಿಕೊಂಡರೆ ಮೂರನೆಯ ವಾರ ಯಾರೂ ಡೊಂಬಿವಲಿಗೆ ಬಂದು ಬಾಗಿಲು ತಟ್ಟುವುದಿಲ್ಲ, ಅದು ಅವರ ಕೆಲಸವೂ ಅಲ್ಲ.

ಬಾಗಿಲು ತಟ್ಟುವುದು ಎಂದೆ. ವಲಯ ಪ್ರಾರ್ಥನೆಯ ಬಗ್ಗೆ ಇದೇ ನನ್ನ ತಕರಾರು. 2020ರ ಲಾಕ್‌ಡೌನಿನಲ್ಲಿ ಅದನ್ನು ಮೊಬೈಲಿಗೆ ತಂದ ಯುವಕರಿಗೆ ನಾನು ಋಣಿ. ಆ ತಿಂಗಳುಗಳಲ್ಲಿ ಆ ಪುಟ್ಟ ಚೌಕಗಳಲ್ಲಿ ಮುಖ ಕಾಣದಿದ್ದರೆ ಹಲವರು ಮಂಕಾಗಿಬಿಡುತ್ತಿದ್ದರು. ಆದರೆ ಊರುಗೋಲು ಕಾಲಲ್ಲ. ಮೊಬೈಲಿನಲ್ಲಿ ನನಗೆ ಕಾಣುವುದು ನಿಮ್ಮ ಗೋಡೆ, ಅದೂ ನೀವು ಆರಿಸಿದ ಗೋಡೆ. ಮನೆಗೆ ಬಂದರೆ ಔಷಧದ ಡಬ್ಬಿ ಕಾಣುತ್ತದೆ, ಕೆಟ್ಟುಹೋದ ನಲ್ಲಿ ಕಾಣುತ್ತದೆ, ಮಗನ ಫೋಟೋ ಗೋಡೆಯಿಂದ ಇಳಿದಿರುವುದು ಕಾಣುತ್ತದೆ. ಮೊದಲು ನಮ್ಮ ಮನೆಯಲ್ಲಿ ಪ್ರಾರ್ಥನೆ ಇದ್ದಾಗ ಬಾಗಿಲ ಹೊರಗೆ ಇಪ್ಪತ್ತು ಜೊತೆ ಚಪ್ಪಲಿ ಕಂಡು ಪಕ್ಕದ ಮನೆಯ ಮರಾಠಿ ಅಜ್ಜಿ ಗಾಬರಿಯಿಂದ ಇಣುಕುತ್ತಿದ್ದರು, ಆಮೇಲೆ ಅವರೇ ಕುರ್ಚಿ ಕೊಡುತ್ತಿದ್ದರು. ಈಗ ನಾನು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಒಬ್ಬಳೇ ಆಮೆನ್ ಎನ್ನುತ್ತೇನೆ. ಯಾರೋ ‘ಟೀಚರ್, ನೀವು ಮ್ಯೂಟ್‌ನಲ್ಲಿದ್ದೀರಿ’ ಎನ್ನುತ್ತಾರೆ.

ಕ್ರಿಸ್‌ಮಸ್ ಕ್ಯಾರಲ್‌ಗಳಿಗೂ ಇದೇ ಗತಿಯಾಗುತ್ತಿದೆ. ಬಾಡಿಗೆ ಬಸ್ಸಿನಲ್ಲಿ ಮನೆಮನೆಗೆ ಹೋಗಿ, ಹೌಸಿಂಗ್ ಸೊಸೈಟಿಯ ಕಾವಲುಗಾರನಿಗೆ ಮೊದಲು ಕೇಕು ಕೊಟ್ಟು, ಹತ್ತು ಗಂಟೆಯ ನಿಯಮಕ್ಕೆ ಹೆದರಿ ಪಿಸುಮಾತಿನಲ್ಲಿ ಹಾಡುವ ಸುಖವೇ ಬೇರೆ. ಹೋದ ವರ್ಷ ವಿಡಿಯೊ ಬಂತು. ಚೆನ್ನಾಗಿತ್ತು.

ಇಷ್ಟು ಹೇಳಿದ ಮೇಲೆ ನಮ್ಮ ಕಡೆಯ ತಪ್ಪನ್ನೂ ಹೇಳದಿದ್ದರೆ ಈ ಪತ್ರ ಅರ್ಧ ಸುಳ್ಳಾಗುತ್ತದೆ. ಚಹಾದ ಹೊತ್ತು ಎಲ್ಲರಿಗೂ ಒಂದೇ ಆಗಿರಲಿಲ್ಲ. ಕಿಟಕಿಯ ಬಳಿಯ ಮರದ ಕುರ್ಚಿಗಳು ಕೆಲವು ಮನೆತನಗಳ ಸ್ವತ್ತಾಗಿಬಿಟ್ಟಿವೆ. ಉಡುಪಿ ಮಂಗಳೂರಿನವರು ಒಂದು ಮೂಲೆ, ಹುಬ್ಬಳ್ಳಿ ಗದಗಿನವರು ಇನ್ನೊಂದು ಮೂಲೆ. ಮೂರನೆಯ ಭಾನುವಾರದ ಊಟಕ್ಕೆ ಕುಚ್ಚಲಕ್ಕಿಯೋ ರೊಟ್ಟಿಯೋ ಎಂಬ ವಾದ ಎರಡು ವರ್ಷ ನಡೆದು ಕೊನೆಗೆ ಪುಲಾವಿಗೆ ಇತ್ಯರ್ಥವಾಯಿತು, ಇಬ್ಬರಿಗೂ ಸೇರದ್ದು. ಇದು ನಗುವ ಸಂಗತಿ. ನಗಲಾಗದ್ದೂ ಒಂದಿದೆ. ಮನೆಗೆಲಸ ಮಾಡಿ ಬದುಕುವ ನಮ್ಮದೇ ಸಭೆಯ ಇಬ್ಬರು ಹೆಂಗಸರು ಆರಾಧನೆ ಮುಗಿದ ಕೂಡಲೇ ತಾವಾಗಿಯೇ ಪಾತ್ರೆ ತೊಳೆಯುವ ಕಡೆಗೆ ಹೋಗುತ್ತಿದ್ದರು. ‘ನೀವು ಕುಳಿತುಕೊಳ್ಳಿ, ಇವತ್ತು ನಾವು ತೊಳೆಯುತ್ತೇವೆ’ ಎಂದು ಹೇಳಲು ನನಗೆ ಹಲವು ವರ್ಷ ಬೇಕಾದವು. ಹೇಳಿದ ದಿನ ಅವರು ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತೇ ಇದ್ದರು. ಅವರಲ್ಲಿ ಒಬ್ಬಳು ಈಗ ಬರುತ್ತಿಲ್ಲ. ಗ್ರೀಕ್ ವಿಧವೆಯರ ಬಗ್ಗೆ ಅಷ್ಟು ಗಟ್ಟಿಯಾಗಿ ಬರೆಯುವಾಗ ಅವಳ ಮುಖವೇ ಕಣ್ಣೆದುರಿಗಿತ್ತು.

ಆದ್ದರಿಂದ ಹಳೆಯದನ್ನು ಹಾಗೆಯೇ ಮುಂದುವರಿಸಿ ಎಂಬುದು ನನ್ನ ಬೇಡಿಕೆಯಲ್ಲ. ಭಾನುವಾರ ಹತ್ತೂವರೆಯಿಂದ ಒಂದು ಗಂಟೆಯವರೆಗೆ ಸಭಾಂಗಣ, ಅಡುಗೆಮನೆ ಸಭೆಯದ್ದಾಗಿರಲಿ. ಒಂದೂವರೆಯಿಂದ ರಾತ್ರಿಯವರೆಗೆ, ಸೋಮವಾರದಿಂದ ಶನಿವಾರದವರೆಗೆ ಯಾರಿಗಾದರೂ ಕೊಡಿ. ಕೋಚಿಂಗಿನವರನ್ನು ನಾನೇ ಕಂಡು ಮಾತನಾಡಿದೆ, ಕ್ಷಮಿಸಿ, ತಮ್ಮನ್ನು ಕೇಳದೆಯೇ. ಮಧ್ಯಾಹ್ನದ ತರಗತಿಗೆ ಅವರ ಅಭ್ಯಂತರವಿಲ್ಲ. ಬಾಡಿಗೆ ಸ್ವಲ್ಪ ಇಳಿಸಿ ಎಂದರು. ಆ ಇಳಿದ ಭಾಗವನ್ನು ತುಂಬುವುದು ನಮ್ಮ ಜವಾಬ್ದಾರಿ. ಬೆಳೆ ಹಬ್ಬದ ಹರಾಜಿನಲ್ಲಿ ಭಾಯಖಳ ಮಾರುಕಟ್ಟೆಯಿಂದ ತಂದ ಕುಂಬಳಕಾಯಿಯನ್ನು ನಾವೇ ಬೆಳೆದಂತೆ ಹೊತ್ತು ತಂದು, ಒಂದು ತೆಂಗಿನಕಾಯಿಗೆ ಹಟಕ್ಕೆ ಬಿದ್ದು ಸಾವಿರಾರು ರೂಪಾಯಿ ಕೂಗುವ ಜನ ನಾವು. ಆ ಹಟದಲ್ಲಿ ಕಾಲು ಭಾಗ ತಿಂಗಳು ತಿಂಗಳು ಬಂದರೂ ಸಾಕು. ಲೆಕ್ಕ ಬರೆದಿಟ್ಟಿದ್ದೇನೆ, ಖಜಾಂಚಿಗಳು ಯಾವಾಗ ಬೇಕಾದರೂ ನೋಡಬಹುದು. ಕೈಬರಹ ನನ್ನದು, ಆದ್ದರಿಂದ ಓದಲು ಕಷ್ಟವಾಗುವುದಿಲ್ಲ.

ಚಹಾ ಮಾಡುವ ಕೆಲಸ ನನ್ನೊಬ್ಬಳದ್ದೇ ಆಗಿರುವುದೂ ಬೇಡ. ಏಳು ಮಂದಿಯನ್ನು ಆರಿಸಿ. ಅದರಲ್ಲಿ ಪಾತ್ರೆ ತೊಳೆಯುತ್ತಿದ್ದ ಕಡೆಯವರು ಇರಲಿ, ಈಚೆಗೆ ಬಂದ ಹುಡುಗರು ಇರಲಿ, ಸಮಿತಿಯ ಒಬ್ಬ ಹಿರಿಯರೂ ಇರಲಿ, ಸೌಟು ಹಿಡಿಯಲು ಬರುವುದಾದರೆ. ವಲಯ ಪ್ರಾರ್ಥನೆ ತಿಂಗಳಿಗೆ ಒಮ್ಮೆಯಾದರೂ ಮನೆಯಲ್ಲಿ ನಡೆಯಲಿ. ಎರಡು ಭಾನುವಾರ ಸತತವಾಗಿ ಕಾಣದವರ ಹೆಸರನ್ನು ಬರೆದಿಟ್ಟುಕೊಳ್ಳಲು ಒಂದು ಹಾಜರಿ ಪುಸ್ತಕ ಕೊಡಿಸಿ. ಅದು ಶಿಕ್ಷೆಗಲ್ಲ, ಹೋಗಿ ನೋಡಿ ಬರುವುದಕ್ಕೆ. ಮೊದಲ ಪುಟದಲ್ಲಿ ಬರೆಯಬೇಕಾದ ಹೆಸರು ನನಗೆ ಗೊತ್ತಿದೆ.

ಮುಂದಿನ ಭಾನುವಾರ ಮಧ್ಯ ರೈಲ್ವೆಯಲ್ಲಿ ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಇದೆ ಎನ್ನುತ್ತಿದ್ದಾರೆ. ಹೋಗುವಾಗ ತೊಂದರೆಯಿಲ್ಲ, ಹಿಂದಿರುಗುವ ಹೊತ್ತಿಗೆ ಗಾಡಿಗಳು ವಿರಳ, ಕಲ್ಯಾಣದ ಕಡೆಯವರು ಹೇಗೂ ಕಾಯಬೇಕು. ಮೂರನೆಯ ಭಾನುವಾರವೂ ಹೌದು. ಕೀಲಿಕೈ ಸದ್ಯಕ್ಕೆ ನನ್ನ ಚೀಲದಲ್ಲೇ ಇದೆ, ಆರಾಧನೆಗೆ ಮುಂಚೆಯೇ ಬಂದು ಬಾಗಿಲು ತೆರೆಯುತ್ತೇನೆ. ಹಾಲು ಎಂಟು ಲೀಟರ್ ಹೇಳಲೋ ಹತ್ತು ಲೀಟರ್ ಹೇಳಲೋ ಎಂಬುದನ್ನು ಶನಿವಾರ ಸಂಜೆ ಆರರೊಳಗೆ ತಿಳಿಸಿ. ಅದಕ್ಕಿಂತ ತಡವಾದರೆ ಹಾಲಿನವನು ಒಪ್ಪುವುದಿಲ್ಲ.

ಇತಿ,
ನಿಮ್ಮ ಸಭೆಯ ಸದಸ್ಯೆ,
ಡೊಂಬಿವಲಿಯ ಟೀಚರ್